ಮೊದಲ ಸಲ ಕಡಲಿಗೆ ಹೊರಟಿದ್ದೀವಿ, ಏಳು ದಿನದಲ್ಲಿ ಎಷ್ಟು ಊರು ಆಗುತ್ತೆ?

ಪ್ರಶ್ನೆ: "ಅಣ್ಣಾರ, ನಾವು ವಿಜಯಪುರದವ್ರು. ನಾನು, ನಮ್ಮನಿಯವ್ರು, ಮಕ್ಕಳಿಬ್ಬರು (9 ವರ್ಷ, 6 ವರ್ಷ), ಮತ್ತ ನಮ್ಮವ್ವ. ಅವ್ವಗ 68, ಮೊಣಕಾಲು ನೋವು ಐತಿ. ನಮ್ಮೊಳಗ ಯಾರೂ ಇಲ್ಲೀತನಕ ಸಮುದ್ರ ನೋಡಿಲ್ಲ. ಡಿಸೆಂಬರ್ ಕಡೀ ವಾರ ಸ್ವಂತ ಕಾರ್ ತಗೊಂಡು ಏಳು ದಿನ ಹೋಗಬೇಕಂತ ಮಾಡೀವಿ. ಗೋಕರ್ಣ, ಯಾಣ, ಮುರುಡೇಶ್ವರ, ಜೋಗ, ಕೊಲ್ಲೂರು, ಉಡುಪಿ, ಮಲ್ಪೆ, ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು, ಟೈಮ್ ಉಳದ್ರ ಗೋವಾ. ಹೈವೇ ಫೋರ್ ಲೇನ್ ಐತಿ, ಎಲ್ಲಾ ಆಗ್ತದ ಅಂತಾರ ನಮ್ಮನಿಯವ್ರು, ಆದ್ರ ಅವರು ಘಾಟಿನ್ಯಾಗ ಒಮ್ಮೆನೂ ಗಾಡಿ ಹೊಡದಿಲ್ಲ. ಶಿರೂರ ಗುಡ್ಡ ಕುಸಿದಿದ್ದು ಟಿವಿಯಾಗ ನೋಡಿದಾಗಿಂದ ನನಗ ಅಂಜಿಕಿ. ಮಕ್ಕಳು ನೀರಿಗೆ ಇಳಿತೀವಿ ಅಂತ ಹಟ ಹಿಡದಾವ. ನಾವು ಸಸ್ಯಾಹಾರಿಗಳು, ಅಲ್ಲಿ ಬರೀ ಮೀನ ಸಿಗೋದು ಅಂತಾರ, ಖರೇನ? ಇನ್ನೊಂದು, ಅವ್ವ ಸಮುದ್ರಕ್ಕ ಉಡಿ ತುಂಬಬೇಕು ಅಂತಾಳ, ಅಲ್ಲಿ ಅದೆಲ್ಲಾ ಮಾಡಬಹುದೇನ್ರಿ?"

ಉತ್ತರ:

ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದ್ದೆ. ನಾನು ಕುಮಟಾದವ, 22 ವರ್ಷ ಟೂರಿಸ್ಟ್ ಗಾಡಿ ಓಡಿಸಿದ್ದೀನಿ, ಈಗ ಜನರ ಪ್ರವಾಸದ ಪ್ಲಾನ್ ಹಾಕಿಕೊಡೋ ಕೆಲಸ ಮಾಡ್ತೀನಿ. ನಿಮ್ಮ ಕಡೆಯಿಂದ, ಅಂದ್ರೆ ವಿಜಯಪುರ, ಬಾಗಲಕೋಟೆ, ಕಲಬುರಗಿಯಿಂದ ಬರೋ ಹೆಚ್ಚಿನ ಮನೆಯವರ ಲಿಸ್ಟ್ ಹೀಗೇ ಇರುತ್ತೆ, ಯಾಕಂದ್ರೆ ಇಷ್ಟು ದೂರ ಮತ್ತೆ ಯಾವಾಗ ಬರ್ತೀವೋ, ಬಂದಾಗ ಎಲ್ಲಾ ಮುಗಿಸಿಬಿಡೋಣ ಅನ್ನೋ ಆಸೆ. ಆ ಆಸೆ ನನಗೆ ಅರ್ಥ ಆಗುತ್ತೆ. ಆದ್ರೆ ನಿಮ್ಮ ಲಿಸ್ಟಿನ ಅರ್ಧ ಊರು ಕಡಲ ದಂಡೆಯವೇ ಅಲ್ಲ. ಶೃಂಗೇರಿ, ಹೊರನಾಡು ಘಟ್ಟದ ಮೇಲೆ, ಧರ್ಮಸ್ಥಳ, ಸುಬ್ರಹ್ಮಣ್ಯ ಘಟ್ಟದ ಬುಡದಲ್ಲಿ, ಜೋಗ ಘಟ್ಟದ ನೆತ್ತಿಯಲ್ಲಿ. ಇವನ್ನೆಲ್ಲ ಒಂದೇ ಸುತ್ತಲ್ಲಿ ಹಾಕಿದ್ರೆ ಒಂದೂವರೆ ಸಾವಿರ ಕಿಲೋಮೀಟರ್ ಮೀರುತ್ತೆ, ನಾಲ್ಕೈದು ಸಲ ಘಾಟಿ ಹತ್ತಿ ಇಳಿಯೋದು ಬರುತ್ತೆ, ದಿನಾ ರಾತ್ರಿ ಹೊಸ ಲಾಡ್ಜು, ದಿನಾ ಬೆಳಗ್ಗೆ ಐದು ಜನರ ಬ್ಯಾಗ್ ಕಟ್ಟೋದು. ಅವ್ವ ಪೂರ್ತಿ ವಾರ ಕಾರಿನ ಸೀಟಲ್ಲೇ ಕಳೀತಾರೆ, ಮಕ್ಕಳಿಗೆ ಸಮುದ್ರ ಅಂದ್ರೆ ಅರ್ಧ ಗಂಟೆ ಫೋಟೋ ತೆಗೆಸ್ಕೊಂಡ ಜಾಗ ಅಂತ ನೆನಪಿರುತ್ತೆ ಅಷ್ಟೇ.

ಹಾಗಾಗಿ ನಾನು ಹೇಳೋದು, ಊರು ಎಣಿಸಬೇಡಿ, ಮಲಗೋ ಜಾಗ ಎಣಿಸಿ. ಏಳು ದಿನ, ಆರು ರಾತ್ರಿ. ಗೋಕರ್ಣದಲ್ಲಿ ಎರಡು, ಮುರುಡೇಶ್ವರದಲ್ಲಿ ಒಂದು, ಉಡುಪಿಯಲ್ಲಿ ಎರಡು, ವಾಪಸ್ ಬರುವಾಗ ಶಿರಸಿಯಲ್ಲಿ ಒಂದು. ಇಷ್ಟಕ್ಕೆ ಮನೆಯಿಂದ ಮನೆಗೆ ಹೆಚ್ಚುಕಮ್ಮಿ 1,100 ಕಿಲೋಮೀಟರ್ ಆಗುತ್ತೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಹೊರನಾಡು ನಾಲ್ಕನ್ನೂ ಸೇರಿಸಿ ಬೇರೆ ಒಂದು ಪ್ರವಾಸ ಮಾಡಿ, ಅದಕ್ಕೆ ನಾಲ್ಕು ದಿನ ಸಾಕು. ಗೋವಾ ಈ ಸಲ ಬೇಡವೇ ಬೇಡ, ಡಿಸೆಂಬರ್ ಕೊನೇ ವಾರ ಅಲ್ಲಿ ರೂಮಿನ ರೇಟೂ ಟ್ರಾಫಿಕ್ಕೂ ಎರಡೂ ತಡ್ಕೊಳ್ಳೋಕಾಗಲ್ಲ.

ನಿಮ್ಮನೆಯವರು ಹೇಳಿದ ಫೋರ್ ಲೇನ್ ಮಾತಿಗೆ ಬರ್ತೀನಿ. ಹೈವೇ 66 ಹೆಚ್ಚಿನ ಕಡೆ ಅಗಲ ಆಗಿದೆ, ನಿಜ. ಆದ್ರೆ ನಿಮ್ಮ ಕಡೆಯ ಬಯಲು ರಸ್ತೆ ಹಾಗೆ ಊರು ಬಿಟ್ಟು ಊರು ಹಿಡಿಯೋ ರಸ್ತೆ ಅಲ್ಲ ಇದು. ಕರಾವಳೀಲಿ ಊರು ಮುಗಿಯೋದೇ ಇಲ್ಲ, ಒಂದು ಪೇಟೆ ಕಳೀತು ಅನ್ನೋಷ್ಟರಲ್ಲಿ ಇನ್ನೊಂದು ಶುರು, ಅಡ್ಡ ರಸ್ತೆಯಿಂದ ಸ್ಕೂಟರ್ ಸೀದಾ ಒಳಗೆ ಬರುತ್ತೆ, ರಾಂಗ್ ಸೈಡಲ್ಲೂ ಬರುತ್ತೆ, ದನ ಡಿವೈಡರ್ ಮೇಲೆ ಮಲಗಿರುತ್ತೆ, ಅಲ್ಲಲ್ಲಿ ಕಾಮಗಾರಿ ಇನ್ನೂ ಬಾಕಿ. ಗಂಟೆಗೆ 50 ಕಿಲೋಮೀಟರ್ ಲೆಕ್ಕ ಹಿಡೀರಿ, ಘಾಟಿಯಲ್ಲಿ 30. ಮ್ಯಾಪ್ ತೋರಿಸೋ ಟೈಮಿಗೆ ಕಾಲು ಭಾಗ ಸೇರಿಸಿ. ಇನ್ನೊಂದು ತಪ್ಪು ಕಲ್ಪನೆ, ಹೈವೇ ಉದ್ದಕ್ಕೂ ಸಮುದ್ರ ಕಾಣುತ್ತೆ ಅನ್ನೋದು. ಹಾಗಿಲ್ಲ, ಬಹುಪಾಲು ಕಡೆ ತೆಂಗಿನ ತೋಟ, ಗದ್ದೆ, ಮನೆಗಳ ಹಿಂದೆ ಕಡಲು ಅಡಗಿರುತ್ತೆ. ರಸ್ತೆಗೆ ಅಂಟ್ಕೊಂಡೇ ಕಾಣೋದು ಕಾರವಾರದ ಹತ್ರ, ಆಮೇಲೆ ಕುಂದಾಪುರಕ್ಕಿಂತ ಮೊದಲು ಸಿಗೋ ಮರವಂತೆಯಲ್ಲಿ. ಮರವಂತೆ ಅಂತೂ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯೆ ರಸ್ತೆ. ಅಲ್ಲಿ ಕಾರು ಸೈಡಿಗೆ ಹಾಕಿ ಅರ್ಧ ಗಂಟೆ ನಿಲ್ಲಿ, ಅವ್ವಂಗೆ ಸೀಟಿಂದ ಏಳದೆನೇ ಎರಡೂ ನೀರು ಕಾಣುತ್ತೆ.

ಈಗ ಘಾಟಿ. ನಿಮ್ಮೂರ ಮೇಲೆ ಹಾದುಹೋಗೋ 52ನೇ ನಂಬರ್ ಹೈವೇ ಇದೆಯಲ್ಲ, ಅದು ಪಂಜಾಬಿನಿಂದ ಬಂದು ಕೊನೆಗೆ ಮುಗಿಯೋದು ನಮ್ಮ ಅಂಕೋಲಾದಲ್ಲೇ. ಅಂದ್ರೆ ನಿಮ್ಮ ಮನೆ ಹತ್ರ ಹಿಡಿದ ರಸ್ತೆ ಬಿಡದೆ ಬಂದ್ರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಸೀದಾ ಕಡಲ ಸೀಮೆ. ಹುಬ್ಬಳ್ಳಿವರೆಗೆ 200ರ ಹತ್ತಿರ, ಅಲ್ಲಿಂದ ಅಂಕೋಲಾಕ್ಕೆ 130-140 ಕಿಲೋಮೀಟರ್. ಅರಬೈಲ್ ಆಗುಂಬೆ ಹಾಗೆ ಕಡಿದಾದ ಘಾಟಿ ಅಲ್ಲ, ತಿರುವು ಅಗಲ ಇವೆ, ಹೊಸಬರಿಗೆ ಇದೇ ಒಳ್ಳೇದು. ತೊಂದರೆ ಏನಂದ್ರೆ ಲಾರಿಗಳು. ದೊಡ್ಡ ದೊಡ್ಡ ಗಾಡಿ ಸಾಲಾಗಿ ಇಳಿತಿರುತ್ತವೆ, ಅವುಗಳ ಹಿಂದೆ ತಾಳ್ಮೆಯಿಂದ ಬರಬೇಕು, ತಿರುವಲ್ಲಿ ಓವರ್‌ಟೇಕ್ ಮಾಡೋ ಆಸೆ ಬಿಡಬೇಕು.

ಬಯಲುಸೀಮೆಯ ಡ್ರೈವರ್‌ಗಳು ಮಾಡೋ ತಪ್ಪು ಒಂದೇ, ಇಳಿಜಾರಲ್ಲಿ ನಾಲ್ಕನೇ ಗೇರಲ್ಲೇ ಇಟ್ಟು ಉದ್ದಕ್ಕೂ ಬ್ರೇಕ್ ತುಳೀತಾ ಬರೋದು. ಕೆಲವರು ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡ್ತಾರೆ, ಅದಂತೂ ಜೀವದ ಜೊತೆ ಆಟ. ಒಂದ್ಸಲ ನಾನು ಅರಬೈಲ್ ಬುಡದಲ್ಲಿ ಚಹಾ ಕುಡೀತಾ ನಿಂತಿದ್ದೆ, ಒಂದು ಫ್ಯಾಮಿಲಿ ಕಾರು ಬಂತು, ಮುಂದಿನ ಎರಡೂ ಚಕ್ರದಿಂದ ಹೊಗೆ, ಸುಟ್ಟ ರಬ್ಬರ್ ಥರ ವಾಸನೆ. ಓಡಿಸ್ತಿದ್ದವರ ಮುಖ ಬಿಳಿಚ್ಕೊಂಡಿತ್ತು, ಕೊನೇ ಎರಡು ತಿರುವಲ್ಲಿ ಪೆಡಲ್ ಪೂರ್ತಿ ಒಳಗೆ ಹೋದ್ರೂ ಗಾಡಿ ನಿಲ್ತಾ ಇರಲಿಲ್ಲ ಅಂದ್ರು. ಬಾಟ್ಲಿ ನೀರು ತಗೊಂಡು ಚಕ್ರಕ್ಕೆ ಹೊಯ್ಯೋಕೆ ಹೋದ್ರು, ಓಡಿಹೋಗಿ ತಡೆದೆ, ಕೆಂಡದಂಥ ಡಿಸ್ಕ್ ಮೇಲೆ ತಣ್ಣೀರು ಬಿದ್ರೆ ಅದು ಸೊಟ್ಟ ಆಗುತ್ತೆ, ಬಿರುಕೂ ಬಿಡಬಹುದು. ಮುಕ್ಕಾಲು ಗಂಟೆ ಸುಮ್ನೆ ನಿಲ್ಲಿಸಿದ ಮೇಲೆ ಬ್ರೇಕ್ ಮತ್ತೆ ಹಿಡೀತು. ಗಾಡಿಯಲ್ಲಿ ದೋಷ ಏನೂ ಇರಲಿಲ್ಲ. ಬಿಡದೆ ತುಳಿದಾಗ ಬ್ರೇಕ್ ಬಿಸಿಯಾಗುತ್ತೆ, ತೀರಾ ಬಿಸಿಯಾದ್ರೆ ಒಳಗಿನ ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಬರುತ್ತೆ, ಆಗ ನೀವು ತುಳಿಯೋದು ಗುಳ್ಳೆಯನ್ನ.

ನಾವು ಡ್ರೈವರ್‌ಗಳು ಹುಡುಗರಿಗೆ ಮೊದಲು ಕಲಿಸೋದು, ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್. ಎರಡರಲ್ಲಿ ಇಲ್ಲಾ ಮೂರರಲ್ಲಿ ಇಟ್ಟರೆ ಎಂಜಿನ್ನೇ ಗಾಡಿ ಹಿಡ್ಕೊಳ್ಳುತ್ತೆ, ಬ್ರೇಕ್ ತಿರುವಿನ ಮೊದಲು ಒಂದ್ಸಲ ಒತ್ತಿ ಬಿಟ್ಟರೆ ಸಾಕು. ತಿರುವಲ್ಲಿ ಹಾರನ್ ಹೊಡೀರಿ, ಮೇಲೆ ಹತ್ತಿ ಬರೋ ಗಾಡಿಗೆ ದಾರಿ ಬಿಡಿ. ಹೊರಡೋ ಮೊದಲು ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಟೈರು, ವೈಪರ್ ನೋಡಿಸಿ. ಬೆಳಗ್ಗೆ 5ಕ್ಕೆ ಮನೆ ಬಿಟ್ಟರೆ ಒಂಬತ್ತೂವರೆಗೆ ಹುಬ್ಬಳ್ಳಿಯಲ್ಲಿ ನಾಷ್ಟಾ, ಮಧ್ಯಾಹ್ನ ಬೆಳಕಲ್ಲೇ ಘಾಟಿ ಇಳಿದು ಮೂರೂವರೆ ನಾಲ್ಕಕ್ಕೆ ಗೋಕರ್ಣ ಸೇರಬಹುದು. ಕತ್ತಲಾದ ಮೇಲೆ ಘಾಟಿ ಬೇಡ, ಹಾಗೇನಾದ್ರೂ ಲೇಟಾದ್ರೆ ಯಲ್ಲಾಪುರದಲ್ಲೇ ಉಳ್ಕೊಳ್ಳಿ. ಮಕ್ಕಳಿಗೆ ತಿರುವಲ್ಲಿ ವಾಂತಿ ಬರುತ್ತೆ, ಹುಬ್ಬಳ್ಳಿಯಲ್ಲಿ ಇಡ್ಲಿ ಮಾತ್ರ ಕೊಡಿ, ಪೂರಿ ಬೇಡ, ಯಲ್ಲಾಪುರ ಆದ್ಮೇಲೆ ಮೊಬೈಲ್ ಕೈಗೆ ಕೊಡಬೇಡಿ.

ಇಷ್ಟೆಲ್ಲಾ ಓದಿದ ಮೇಲೂ ನಿಮ್ಮನೆಯವರಿಗೆ ಧೈರ್ಯ ಬರದಿದ್ರೆ ಹುಬ್ಬಳ್ಳಿಯಿಂದ ಒಬ್ಬ ಡ್ರೈವರ್ ಕರ್ಕೊಳ್ಳಿ, ಖರ್ಚು ಹೆಚ್ಚಾಗುತ್ತೆ, ಅವನ ಊಟ ವಸತಿ ನೋಡ್ಬೇಕು, ಕಾರಲ್ಲಿ ಒಂದು ಸೀಟೂ ಹೋಗುತ್ತೆ, ಐದು ಸೀಟಿನ ಕಾರಾದ್ರೆ ಇದು ಆಗಲ್ಲ. ರೈಲು ಕೇಳೋರೂ ಇದ್ದಾರೆ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಮಾತು ಎಷ್ಟೋ ವರ್ಷದಿಂದ ಇದೆ, ಹಳಿ ಇನ್ನೂ ಬಂದಿಲ್ಲ, ಗೋವಾದ ಮಡಗಾಂವ್ ಸುತ್ತಿ ರೈಲು ಬದಲಾಯಿಸಿ ಬರಬೇಕು. ಮೊಣಕಾಲು ನೋವಿರೋ ಅವ್ವನ ಜೊತೆ ಪ್ಲಾಟ್‌ಫಾರ್ಮ್ ಮೆಟ್ಟಿಲು ಹತ್ತಿ ಇಳಿಯೋಕಿಂತ ಕಾರೇ ವಾಸಿ.

ಶಿರೂರಿನ ಭಯದ ಬಗ್ಗೆ. ಗುಡ್ಡ ಕುಸಿದಿದ್ದು 2024ರ ಜುಲೈ 16ಕ್ಕೆ, ಅಂಕೋಲಾ ತಾಲೂಕಲ್ಲಿ, ಗಂಗಾವಳಿ ನದಿ ಪಕ್ಕ. (ಬೈಂದೂರು ಹತ್ರನೂ ಒಂದು ಶಿರೂರು ಇದೆ, ಅದು ಬೇರೆ.) ನೀವು ಅಂಕೋಲಾದಿಂದ ಗೋಕರ್ಣದ ಕಡೆ ಬರುವಾಗ ಆ ಜಾಗ ಹಾದೇ ಬರ್ತೀರಿ. ಆ ದಿನ ನೆನೆಸ್ಕೊಂಡ್ರೆ ನಮಗೆ ಈಗಲೂ ಹೊಟ್ಟೆ ಕಿವುಚುತ್ತೆ, ನಾವು ದಿನಾ ಚಹಾ ಕುಡಿಯೋಕೆ ಗಾಡಿ ನಿಲ್ಲಿಸ್ತಿದ್ದ ಜಾಗ ಅದು. ರಸ್ತೆಗಾಗಿ ಬುಡ ಕಡಿದ ಗುಡ್ಡ, ಸಡಿಲ ಮಣ್ಣು, ಅದರೊಳಗೆ ದಿನಗಟ್ಟಲೆ ಇಳಿದ ಮಳೆ ನೀರು, ಈ ಮೂರು ಸೇರಿದಾಗ ಗುಡ್ಡ ಜಾರುತ್ತೆ. ಡಿಸೆಂಬರಲ್ಲಿ ಮೂರನೇದು ಇರಲ್ಲ, ಮಣ್ಣು ಒಣಗಿ ಗಟ್ಟಿಯಾಗಿರುತ್ತೆ. ಹಾಗಾಗಿ ಆ ವಿಷಯಕ್ಕೆ ನಿಶ್ಚಿಂತೆಯಿಂದ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬರ್ತೀವಿ ಅಂದಿದ್ರೆ ನಾನೇ ಬೇಡ ಅಂತಿದ್ದೆ, ಆಗ ಕಡಲಿಗೂ ಇಳಿಯೋ ಹಾಗಿಲ್ಲ, ಪ್ರವಾಸಿ ದೋಣಿಗಳೂ ದಡದಲ್ಲೇ ಇರ್ತವೆ. ಆದ್ರೆ ಸಾಧ್ಯ ಆದ್ರೆ ಕೊನೇ ವಾರದ ಬದಲು ಒಂದು ವಾರ ಮುಂಚೆ ಬನ್ನಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಗೋಕರ್ಣ, ಮುರುಡೇಶ್ವರದಲ್ಲಿ ರೂಮು ಸಿಗೋದೇ ಕಷ್ಟ, ಸಿಕ್ಕರೂ ದುಡ್ಡು ದುಪ್ಪಟ್ಟು. ಶಾಲೆ ರಜೆ ಬಿಟ್ಟು ಆಗಲ್ಲ ಅಂದ್ರೆ ಇವತ್ತೇ ಬುಕ್ ಮಾಡಿ, ಕೆಳಗಿನ ಮಹಡಿ ರೂಮು ಕೇಳಿ, ಪಾರ್ಕಿಂಗ್ ಬಾಗಿಲ ಹತ್ರ ಇದೆಯಾ ಅಂತ ಫೋನ್ ಮಾಡಿ ಕೇಳಿ, ಬೀಚ್ ವ್ಯೂ ಅಂತ ಫೋಟೋ ಹಾಕಿರೋ ಎಷ್ಟೋ ಕಡೆ ಗಾಡಿಯಿಂದ ಇಳಿದು ನೂರು ಮೆಟ್ಟಿಲು ಇಳಿಬೇಕಾಗುತ್ತೆ.

ನೀರಿನ ವಿಷಯ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ. 2024ರ ಡಿಸೆಂಬರಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದ್ರು. ಅವರೂ ಬಯಲುಸೀಮೆ ಕಡೆಯ ಮಕ್ಕಳೇ. ಡಿಸೆಂಬರ್ ಕಡಲು ಶಾಂತ ಅಂತ ಎಲ್ಲರೂ ಹೇಳ್ತಾರೆ, ಮಳೆಗಾಲಕ್ಕೆ ಹೋಲಿಸಿದ್ರೆ ಹೌದು, ಆದ್ರೆ ಸೆಳೆತ ಅನ್ನೋದು ಎಲ್ಲಾ ಕಾಲದಲ್ಲೂ ಇರುತ್ತೆ. ಅಲೆ ಬಂದು ದಡಕ್ಕೆ ನೀರು ತಳ್ಳುತ್ತಲ್ಲ, ಆ ನೀರು ವಾಪಸ್ ಹೋಗೋಕೆ ಒಂದು ದಾರಿ ಬೇಕು. ನೀರಡಿಯ ಮರಳು ದಿಬ್ಬದಲ್ಲಿ ಎಲ್ಲಿ ಸಂದಿ ಇರುತ್ತೋ ಅಲ್ಲಿಂದ ಹೊಳೆ ಹರಿದ ಹಾಗೆ ಒಳಕ್ಕೆ ಹೋಗುತ್ತೆ. ಆ ಸಂದಿಯಲ್ಲಿ ನೀರು ಆಳ, ಆಳ ಇದ್ದಲ್ಲಿ ಅಲೆ ಒಡೆಯಲ್ಲ. ಈಗ ನೀವು ದಡದ ಮೇಲೆ ನಿಂತು ನೋಡಿದ್ರೆ ಏನು ಕಾಣುತ್ತೆ? ಎಡಗಡೆ ಬಿಳಿ ನೊರೆ, ಬಲಗಡೆ ಬಿಳಿ ನೊರೆ, ಮಧ್ಯೆ ಒಂದು ಪಟ್ಟಿ ಮಾತ್ರ ನೊರೆ ಇಲ್ಲದೆ ಸುಮ್ಮನೆ ಕೂತಿರುತ್ತೆ, ಬಣ್ಣ ಸ್ವಲ್ಪ ಕಪ್ಪಗೋ ಮಣ್ಣುಮಣ್ಣಾಗೋ ಇರುತ್ತೆ. ಹೊಸಬರು ಮಕ್ಕಳಿಗೆ ಇಲ್ಲಿ ಅಲೆ ಇಲ್ಲ, ಇಲ್ಲೇ ಆಡಿಸೋಣ ಅಂತ ಸೀದಾ ಅಲ್ಲೇ ಇಳಿಸ್ತಾರೆ. ನನ್ನ ಕಣ್ಣಾರೆ ಎಷ್ಟು ಸಲ ನೋಡಿ ಕೂಗಿ ಕರೆದಿದ್ದೀನೋ ಲೆಕ್ಕ ಇಲ್ಲ. ಅಕ್ಕಾ, ಆ ಸುಮ್ಮನಿರೋ ಪಟ್ಟಿನೇ ಸೆಳೆತದ ಬಾಯಿ.

ಈಜು ಬಂದ್ರೆ ಭಯ ಇಲ್ಲ ಅನ್ನೋದೂ ಸುಳ್ಳು. ಬಾವೀಲಿ, ಕೆರೇಲಿ, ಕೃಷ್ಣಾ ನದೀಲಿ ಈಜಿದವರು ಸೆಳೆತಕ್ಕೆ ಸಿಕ್ಕಿದ ತಕ್ಷಣ ದಡದ ಕಡೆ ಎದುರು ಈಜ್ತಾರೆ, ಎರಡು ನಿಮಿಷದಲ್ಲಿ ಕೈಸೋಲುತ್ತೆ. ಸಿಕ್ಕಿದ್ರೆ ಎದುರು ಹೋರಾಡದೆ ತೇಲಿ ಕೈ ಎತ್ತಬೇಕು, ಶಕ್ತಿ ಇದ್ರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು, ನೊರೆ ಇರೋ ಕಡೆ ಬಂದ್ರೆ ಅಲೆಯೇ ದಡಕ್ಕೆ ತರುತ್ತೆ. ದಡದಲ್ಲಿರೋರು ಹಿಂದೆನೇ ನೀರಿಗೆ ಹಾರಬಾರದು, ಒಬ್ಬರ ಹಿಂದೆ ಒಬ್ಬರು ಹೋಗೋದು ಹೀಗೇನೇ. ಖಾಲಿ ಕ್ಯಾನು, ಟ್ಯೂಬು, ಮುಚ್ಚಳ ಹಾಕಿದ ದೊಡ್ಡ ಬಾಟ್ಲಿ ಎಸೀರಿ, ಲೈಫ್‌ಗಾರ್ಡ್‌ನ ಕೂಗಿ ಕರೀರಿ.

ನಿಮ್ಮ ಮನೆಗೆ ನಿಯಮ ಇಷ್ಟೇ ಇರಲಿ: ಲೈಫ್‌ಗಾರ್ಡ್ ಇರೋ ಬೀಚಲ್ಲಿ ಮಾತ್ರ ನೀರಿಗೆ, ಕೆಂಪು ಬಾವುಟ ಇದ್ರೆ ಇಲ್ಲವೇ ಇಲ್ಲ, ಆರು ವರ್ಷದವರಿಗೆ ಅವರ ಮೊಣಕಾಲು ತನಕ, ದೊಡ್ಡವರೊಬ್ಬರು ಕೈ ಹಿಡ್ಕೊಂಡು, ಮೊಬೈಲ್ ಜೇಬಲ್ಲಿ. ಸಂಜೆ ಕತ್ತಲಾಗೋ ಮೊದಲು ಹೊರಗೆ. ಬೆಳಗ್ಗೆ ಕಡಲು ಸೇಫ್ ಅಂತ ಒಂದು ಮಾತಿದೆ, ಗಾಳಿ ಕಮ್ಮಿ ಇರೋದ್ರಿಂದ ಅಲೆ ಸಣ್ಣದಿರುತ್ತೆ ನಿಜ, ಆದ್ರೆ ಭರತ ಇಳಿತದ ಲೆಕ್ಕ ಬೇರೆ. ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ, ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತೆ, ಅಮಾವಾಸ್ಯೆ ಹುಣ್ಣಿಮೆ ಸುತ್ತಮುತ್ತ ಜೋರು. ಇವತ್ತು ಇಳಿತ ಎಷ್ಟೊತ್ತಿಗೆ ಅಂತ ದಡದಲ್ಲಿ ಬಲೆ ಬಿಡಿಸ್ತಾ ಕೂತ ಮೀನುಗಾರರನ್ನ ಕೇಳಿ, ಗಡಿಯಾರ ನೋಡದೆ ಹೇಳ್ತಾರೆ.

ಎಲ್ಲೆಲ್ಲಿ ಏನು ಅಂತ ಬೇಗ ಹೇಳಿಬಿಡ್ತೀನಿ. ಗೋಕರ್ಣದಲ್ಲಿ ಓಂ ಬೀಚ್, ಕುಡ್ಲೆ ಎರಡಕ್ಕೂ ಇಳಿಜಾರು ಮೆಟ್ಟಿಲು, ಅವ್ವಂಗೆ ಆಗಲ್ಲ, ಊರೊಳಗಿನ ಮುಖ್ಯ ಬೀಚ್ ಸಮತಟ್ಟು, ಮಹಾಬಲೇಶ್ವರ ದೇವಸ್ಥಾನಕ್ಕೂ ಹತ್ರ. ದೇವರ ಹತ್ರ ಹೋಗೋಕೆ ಗಂಡಸರು ಅಂಗಿ ತೆಗೀಬೇಕು, ಪ್ಯಾಂಟ್ ನಡೆಯಲ್ಲ, ಒಂದು ಪಂಚೆ ಬ್ಯಾಗಲ್ಲಿರಲಿ. ಎರಡನೇ ದಿನ ಬೇಕಾದ್ರೆ ಯಾಣ, ಆದ್ರೆ ಅಲ್ಲೂ ಗಾಡಿ ಬಿಟ್ಟು ನಡಿಬೇಕು, ಮೆಟ್ಟಿಲಿದೆ, ಅವ್ವ ರೂಮಲ್ಲಿ ವಿಶ್ರಾಂತಿ ತಗೊಳ್ಳಲಿ. ನನ್ನ ಕೇಳಿದ್ರೆ ಯಾಣ ಬಿಟ್ಟು ಆ ದಿನ ಕಡಲ ಹತ್ರನೇ ಸುಮ್ಮನೆ ಕೂರಿ. ಮೂರನೇ ದಿನ ಮಿರ್ಜಾನ್ ಕೋಟೆ, ಕಾಳುಮೆಣಸಿನ ರಾಣಿ ಅಂತ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರ್ಕೊಂಡಿರೋ ಕೆಂಪು ಕಲ್ಲಿನ ಕೋಟೆ, ಹೈವೇಗೆ ಹತ್ರ. ಆಮೇಲೆ ಹೊನ್ನಾವರ ದಾಟಿ ಕಾಸರಕೋಡ ಇಕೋ ಬೀಚ್, 2020ರಲ್ಲಿ ಬ್ಲೂ ಫ್ಲಾಗ್, ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಮಾನ್ಯತೆ, ಸಿಕ್ಕಿದ್ದು, ಶೌಚಾಲಯ ಸ್ನಾನದ ವ್ಯವಸ್ಥೆ ಇದೆ, ಮಕ್ಕಳನ್ನ ಮೊದಲು ನೀರಿಗೆ ಇಳಿಸೋದಾದ್ರೆ ನಾನು ಅಲ್ಲೇ ಇಳಿಸೋದು. ಮುರುಡೇಶ್ವರದಲ್ಲಿ 123 ಅಡಿ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರ, ಗೋಪುರಕ್ಕೆ ಲಿಫ್ಟ್ ಇದೆ, ಅವ್ವ ಮೇಲಿಂದ ಕಡಲು ನೋಡಬಹುದು. ಬೆಳಗ್ಗೆನೇ ಹೋಗಿ, ಹತ್ತು ಗಂಟೆ ಮೇಲೆ ಶಾಲಾ ಪ್ರವಾಸದ ಬಸ್ಸು ತುಂಬ್ತವೆ.

ಉಡುಪಿಯಲ್ಲಿ ರಥಬೀದಿ ಸಮತಟ್ಟು, ಕನಕನ ಕಿಂಡಿ, ಮಠದ ಊಟ, ಅವ್ವಂಗೆ ತುಂಬಾ ಇಷ್ಟ ಆಗುತ್ತೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಮಕ್ಕಳನ್ನ ಕರ್ಕೊಂಡು ಹೋಗಿ, ಕಂಬ ಕಂಬವಾಗಿ ನಿಂತ ಕಲ್ಲು, ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟ್ಕೊಂಡಿದ್ದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ನಿಮ್ಮ ಗೋಳಗುಮ್ಮಟದ ಕಪ್ಪು ಕಲ್ಲೂ ಲಾವಾ ಆರಿ ಆದದ್ದೇ, ಆದ್ರೆ ಇದು ಅದಕ್ಕಿಂತ ಹಳೇದು, ಮಕ್ಕಳಿಗೆ ಹೇಳಿ, ಖುಷಿ ಪಡ್ತಾರೆ. ದೋಣಿ ಹತ್ತಿ ಇಳಿಯೋದು ಅಲುಗಾಡುತ್ತೆ, ಅವ್ವ ಮಲ್ಪೆ ದಂಡೆಯಲ್ಲೇ ಇರಲಿ. ಆರನೇ ದಿನ ಉಡುಪಿಯಿಂದ ಹೊನ್ನಾವರಕ್ಕೆ ವಾಪಸ್ ಬಂದು ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ರಾತ್ರಿ ಶಿರಸಿ. ಡಿಸೆಂಬರಲ್ಲಿ ಜೋಗದ ನೀರು ಸಣ್ಣಗೆ ಬೀಳುತ್ತೆ, ಲಿಂಗನಮಕ್ಕಿ ಅಣೆಕಟ್ಟೆ ಮೇಲೆ ನೀರು ಹಿಡ್ಕೊಂಡಿರುತ್ತೆ, ಟಿವಿಯಲ್ಲಿ ಕಂಡಷ್ಟು ಇರಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿ. ಸ್ವೆಟರ್ ಬೇಕಾಗೋದು ಶಿರಸಿ ರಾತ್ರಿಗೆ ಮಾತ್ರ, ಕೆಳಗೆ ನೀವು ಬೆವರಲ್ಲಿ ನೆನೀತೀರಿ, ಹತ್ತಿ ಬಟ್ಟೆ ತನ್ನಿ. ಕೊಲ್ಲೂರು ಬೇಕೇ ಬೇಕು ಅಂದ್ರೆ ಉಡುಪಿಗೆ ಹೋಗೋ ದಿನ ಬೈಂದೂರಿಂದ ಒಳಗೆ ಹೋಗಿ ಬರಬಹುದು, ಆಗ ಮರವಂತೆಗೆ ಆತುರ ಆಗುತ್ತೆ.

ಊಟದ ಚಿಂತೆ ಬಿಡಿ. ಸಸ್ಯಾಹಾರಿ ಹೋಟೆಲಿಗೆ ಉಡುಪಿ ಹೋಟೆಲ್ ಅಂತ ಊರೂರಲ್ಲೂ ಹೆಸರು ಬಂದಿದ್ದೇ ಇಲ್ಲಿಂದ, ಗೋಕರ್ಣ, ಕುಮಟಾ, ಹೊನ್ನಾವರ ಎಲ್ಲಾ ಕಡೆ ಶುದ್ಧ ಸಸ್ಯಾಹಾರಿ ಹೋಟೆಲ್ ಇವೆ. ನಿಮಗೆ ಒಗ್ಗದೆ ಇರೋದು ಅಂದ್ರೆ ತೆಂಗಿನೆಣ್ಣೆ ವಾಸನೆ, ದಪ್ಪ ಕುಚ್ಚಲಕ್ಕಿ ಅನ್ನ, ಸಾರಲ್ಲಿ ಬೆಲ್ಲ. ಉಡುಪಿ ಕಡೆ ಬೆಳ್ತಿಗೆ ಅನ್ನ ಅಂತ ಕೇಳಿ, ಬಿಳಿ ಅನ್ನ ಕೊಡ್ತಾರೆ. ನೀರುದೋಸೆ ಅವ್ವಂಗೆ ಹಲ್ಲಿಗೂ ಹಗುರ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರ್ತೀರಿ ಅಂತ ಗೊತ್ತು, ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ತರಬೇಡಿ, ಇಲ್ಲಿನ ಗಾಳಿಗೆ ಎರಡು ದಿನಕ್ಕೆ ಮೆತ್ತಗಾಗಿ ಜಗ್ಗಿದ್ರೂ ಮುರಿಯಲ್ಲ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಕಾರನ್ನ ಮರಳಿಗೆ ಇಳಿಸಬೇಡಿ, ಹೂತ್ಕೊಳ್ಳುತ್ತೆ, ಊರಿಗೆ ಹೋದ ತಕ್ಷಣ ಅಡಿಭಾಗ ಸಿಹಿ ನೀರಲ್ಲಿ ತೊಳೆಸಿ, ಉಪ್ಪು ಕಬ್ಬಿಣ ತಿನ್ನುತ್ತೆ.

ಇನ್ನು ಅವ್ವನ ಉಡಿ. ಧಾರಾಳವಾಗಿ ತುಂಬಲಿ ಅಕ್ಕಾ. ನಮ್ಮ ಮೀನುಗಾರರೂ ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡ್ತಾರೆ, ಆದ್ದರಿಂದ ದಡದಲ್ಲಿ ಯಾರಾದ್ರೂ ನೋಡಿದ್ರೂ ಕೈ ಮುಗೀತಾರೆಯೇ ಹೊರತು ಬೇರೆ ಏನೂ ಅನ್ನಲ್ಲ. ಅಕ್ಕಿ, ಕಾಯಿ, ಎಲೆ ಅಡಿಕೆ, ಹೂವು, ಅರಿಷಿಣ ಕುಂಕುಮ ಸಾಕು, ಕುಪ್ಪಸದ ಬಟ್ಟೆ ನೀರಿಗೆ ಬಿಡದೆ ಅಲ್ಲೇ ಯಾರಾದ್ರೂ ಹೆಣ್ಣುಮಗಳಿಗೆ ಕೊಡಿ, ಪ್ಲಾಸ್ಟಿಕ್ ಕವರ್ ವಾಪಸ್ ತನ್ನಿ. ಗೋಕರ್ಣದ ಮುಖ್ಯ ಬೀಚಲ್ಲಿ ಎರಡನೇ ದಿನ ಬೆಳಗ್ಗೆ, ಬಿಸಿಲೇರೋ ಮೊದಲು, ಇಳಿತದ ಹೊತ್ತು ನೋಡಿ ಮಾಡಿ. ಅವ್ವನ್ನ ಪಾದ ಮಾತ್ರ ನೆನೆಯೋ ಜಾಗದಲ್ಲಿ ನಿಲ್ಲಿಸಿ, ಎರಡೂ ಕಡೆ ಒಬ್ಬೊಬ್ಬರು ಕೈ ಹಿಡೀರಿ, ಯಾಕಂದ್ರೆ ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೂ ಎಳ್ಕೊಂಡು ಹೋಗುತ್ತೆ, ನಿಂತ ನೆಲನೇ ಜಾರಿದ ಹಾಗೆ ತಲೆ ಸುತ್ತುತ್ತೆ, ಮೊದಲ ಸಲ ನಿಂತವರು ಸುಮಾರು ಜನ ಅಲ್ಲೇ ಕೂತುಬಿಡ್ತಾರೆ. ಆಗ ನೀರು ನೋಡ್ಬೇಡ, ದೂರ ನೋಡವ್ವಾ ಅಂತ ಹೇಳಿ, ಎರಡು ಅಲೆ ಕಳೆದ್ರೆ ಕಾಲು ಊರುತ್ತೆ, ಆಮೇಲೆ ಉಡಿ ಕೈಗೆ ಕೊಡಿ.